ಹಬ್ಬದ ಕಂತು, ಮರುನೋಟದ ರೂಢಿ

1965ನೆಯ ಇಸವಿಯ ಡಿಸೆಂಬರ್ 25ನೆಯ ತಾರೀಖು ಶನಿವಾರವಾಗಿತ್ತು. ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯವರು, ನಡುನಡುವಿನ ಕೆಲವು ವಾರಗಳ ಬಿಡುವನ್ನುಳಿದು, ಎರಡು ವರ್ಷಗಳಿಂದ ಶನಿವಾರದ ಸಾಯಂಕಾಲಗಳಲ್ಲಿ ತೋರಿಸುತ್ತ ಬಂದಿದ್ದ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯ ಸರದಿಯೂ ಕ್ರಿಸ್‌ಮಸ್ ಹಬ್ಬವೂ ಪಂಚಾಂಗದ ಲೆಕ್ಕದಲ್ಲಿ ಹೀಗೆ ಒಂದೇ ದಿನ ಬಿದ್ದುದರಿಂದ, ಅಂದಿನ ಕಂತನ್ನು ಹಬ್ಬಕ್ಕೊಪ್ಪುವಂತೆ ವಿನೋದಮಯವಾಗಿ ಹೆಣೆದಿದ್ದರು. ಅದರ ಕೊನೆಯಲ್ಲಿ ಕಥಾನಾಯಕನ ಪಾತ್ರವನ್ನು ವಹಿಸಿದ್ದ ವಿಲಿಯಂ ಹಾರ್ಟ್‌ನೆಲ್ ಎಂಬ ನಟನು ಪಾನಪಾತ್ರೆಯನ್ನೆತ್ತಿ, ಜೊತೆಗಾರರ ಕಡೆಯಿಂದ ಮುಖ ತಿರುಗಿಸಿ, ನೆಟ್ಟಗೆ ಕ್ಯಾಮೆರಾವನ್ನೇ ನೋಡುತ್ತ, ಮನೆಮನೆಗಳಲ್ಲಿ ಕುಳಿತಿದ್ದ ಪ್ರೇಕ್ಷಕರೆಲ್ಲರಿಗೂ ಹಬ್ಬದ ಶುಭಾಶಯವನ್ನು ಹೇಳಿದನು. ಅಂದು ಅದನ್ನು ಕಂಡವರು ಲಕ್ಷಾಂತರ ಮಂದಿ. ಆ ದೃಶ್ಯವು ಮತ್ತೆಂದೂ ಪ್ರಸಾರವಾಗಲಿಲ್ಲ, ಅದರ ಪ್ರತಿಯೂ ಉಳಿಯಲಿಲ್ಲ.

ಹಬ್ಬದ ವಿಶೇಷ ಕಂತೊಂದನ್ನು ವರ್ಷಕ್ಕೊಮ್ಮೆ ಹುಡುಕಿ ತೆಗೆದು, ಕಥೆಯೆಲ್ಲ ಬಾಯಿಪಾಠವಾಗಿದ್ದರೂ ಮತ್ತೆ ನೋಡುವುದು ಇಂದು ಆ ನಾಡಿನಲ್ಲಿ ಹಬ್ಬದ ಊಟದಷ್ಟೇ ಸಾಧಾರಣವಾಗಿದೆ. ಈ ರೂಢಿಗೂ ಒಂದು ಚರಿತ್ರೆಯುಂಟು. ಅದು ವಿಶೇಷ ಕಂತಿನ ಚರಿತ್ರೆಗಿಂತ ಎಳೆಯದು, ಮತ್ತು ನನ್ನ ಎಣಿಕೆಯಲ್ಲಿ ಅದಕ್ಕಿಂತ ಸ್ವಾರಸ್ಯವಾದುದು.

ಧಾರಾವಾಹಿಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. 1963ನೆಯ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನೆಡಿಯ ಕೊಲೆಯಾದ ಮರುದಿನ, ಇದು ಆರಂಭವಾಯಿತು. ಕಲ್ಪನೆಯನ್ನು ಮುಂದೊತ್ತಿದವನು ಕೆನಡಾದಿಂದ ಬಂದು ಬಿ.ಬಿ.ಸಿ.ಯ ನಾಟಕ ವಿಭಾಗದ ಮುಖ್ಯಸ್ಥನಾಗಿದ್ದ ಸಿಡ್ನಿ ನ್ಯೂಮನ್. ನಿರ್ಮಾಣದ ಹೊಣೆಯನ್ನು ಹೊತ್ತವಳು ಇನ್ನೂ ಮೂವತ್ತು ತುಂಬದ ವೆರಿಟಿ ಲ್ಯಾಂಬರ್ಟ್. ಮೊದಲ ಕಥೆಯನ್ನು ನಿರ್ದೇಶಿಸಿದವನು ಲಖನೌದಲ್ಲಿ ಹುಟ್ಟಿ, ಬಾಲ್ಯದಲ್ಲೇ ಇಂಗ್ಲೆಂಡಿಗೆ ಹೋಗಿ ನೆಲೆಸಿದ ವಾರಿಸ್ ಹುಸೇನ್, ಎಂದರೆ ‘ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಮ್’ ಕಾದಂಬರಿಯನ್ನು ಬರೆದ ಅತಿಯಾ ಹುಸೇನರ ಮಗ. ಡಾಕ್ಟರ್ ಎಂದಷ್ಟೇ ಕರೆಯಿಸಿಕೊಳ್ಳುವ ಅನ್ಯಗ್ರಹವಾಸಿಯೊಬ್ಬನು, ಹೊರಗಿನಿಂದ ಪೋಲೀಸರ ದೂರವಾಣಿಯ ನೀಲಿ ಪೆಟ್ಟಿಗೆಯಂತೆ ತೋರಿ ಒಳಗೆ ಅರಮನೆಯಷ್ಟು ವಿಶಾಲವಾಗಿರುವ ‘ಟಾರ್ಡಿಸ್’ ಎಂಬ ಯಂತ್ರದಲ್ಲಿ ಕುಳಿತು ದೇಶಕಾಲಗಳನ್ನು ದಾಟಿ ಸಂಚರಿಸುವುದೇ ಇದರ ವಸ್ತು. ನಟನು ಬಿಟ್ಟುಹೋಗುವ ಸಂದರ್ಭ ಬಂದಾಗ ನಾಯಕನು ಸಾಯುವ ಬದಲು ದೇಹಾಂತರವನ್ನು ಹೊಂದಿ ಬೇರೊಂದು ಮುಖದಿಂದ ಎದ್ದುಬರುವನೆಂಬ ಯುಕ್ತಿಯನ್ನು 1966ರಲ್ಲಿ ಕಂಡುಕೊಂಡರು. ಧಾರಾವಾಹಿಯ ದೀರ್ಘಾಯುಷ್ಯದ ಗುಟ್ಟು ಬಹುಮಟ್ಟಿಗೆ ಅದರಲ್ಲೇ ಇದೆ.

1965ರ ಆ ಕಂತು ಸ್ವತಂತ್ರ ಕಥೆಯಾಗಿರಲಿಲ್ಲ. ಡಾಲೆಕ್‌ಗಳೆಂಬ ಲೋಹಕವಚದ ಕ್ರೂರಜೀವಿಗಳು ವಿಶ್ವವನ್ನೇ ಗೆಲ್ಲಲು ಹೂಡಿದ ಸಂಚನ್ನು ಹನ್ನೆರಡು ವಾರ ಬೆಳೆಸಿ ಹೇಳಿದ ಸುದೀರ್ಘ ಕಥೆಯ ಏಳನೆಯ ಅಧ್ಯಾಯವದು. ಬರೆದವನು ಟೆರಿ ನೇಷನ್, ನಿರ್ದೇಶಿಸಿದವನು ಡಗ್ಲಾಸ್ ಕ್ಯಾಮ್‌ಫೀಲ್ಡ್. ಆ ಕಥೆಯೋ ಬಲು ಕಠೋರವಾದುದು: ನಾಯಕನ ಸಂಗಡ ಹೊರಟ ಕಟರೀನಾ ಎಂಬ ಮುಗ್ಧೆ ನಾಲ್ಕನೆಯ ಕಂತಿನಲ್ಲೇ ಪ್ರಾಣ ತೆತ್ತಿದ್ದಳು, ಆಮೇಲೆ ಜೊತೆಗೂಡಿದ ಸಾರಾ ಕಿಂಗ್‌ಡಮ್ ಎಂಬವಳು ತನ್ನ ಒಡಹುಟ್ಟಿದವನನ್ನೇ ಆಜ್ಞೆಗೆ ಕಟ್ಟುಬಿದ್ದು ಕೊಂದುಬಂದವಳು, ಕೊನೆಯ ಕಂತಿನಲ್ಲಿ ಕ್ಷಣಾರ್ಧದಲ್ಲಿ ಮುದುಕಿಯಾಗಿ ಮಣ್ಣುಗೂಡುವವಳು. ಇಂತಹ ಕಥೆಯ ನಟ್ಟನಡುವೆ ಹಬ್ಬದ ದಿನ ಬಂದು ಕುಳಿತಾಗ ಡಾಲೆಕ್‌ಗಳನ್ನು ಪೂರ್ತಿಯಾಗಿ ಬದಿಗೆ ಸರಿಸಿ, ನೀಲಿ ಪೆಟ್ಟಿಗೆಯನ್ನು ಮೊದಲು ಲಿವರ್‌ಪೂಲಿನ ಪೋಲೀಸು ಠಾಣೆಯೊಂದರ ಎದುರಿಗೂ ಅನಂತರ ಮೂಕಿಚಿತ್ರಗಳ ಕಾಲದ ಹಾಲಿವುಡ್ಡಿನ ಸ್ಟುಡಿಯೋ ಒಂದರೊಳಕ್ಕೂ ಇಳಿಸಿ, ಅಟ್ಟಾಡಿಸುವ ಪೋಲೀಸರು, ಅರಚಾಡುವ ನಿರ್ದೇಶಕರು, ಬಿದ್ದು ಏಳುವ ವಿದೂಷಕರು ಇವರ ನಡುವೆ ಇಪ್ಪತ್ತೈದು ನಿಮಿಷಗಳನ್ನು ನಗುನಗುತ್ತ ಕಳೆದುಬಿಟ್ಟರು. ಮುಂದಿನ ಶನಿವಾರ, 1966ರ ಜನವರಿ ಒಂದರಂದು, ಅದೇ ಪೆಟ್ಟಿಗೆ ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡು–ಆಸ್ಟ್ರೇಲಿಯಗಳ ಟೆಸ್ಟ್ ಪಂದ್ಯದ ನಡುವೆ ಮೂಡಿಬಂದಿತೆಂದೂ, ಆಟದ ವಿವರಣೆ ಕೊಡುತ್ತಿದ್ದವರು ಎಳ್ಳಷ್ಟೂ ವಿಚಲಿತರಾಗದೆ ಅದರಿಂದ ನಷ್ಟವಾಗುವ ಆಟದ ಸಮಯವನ್ನು ಕುರಿತು ಗಂಭೀರವಾಗಿ ಚರ್ಚಿಸಿದರೆಂದೂ ಹೇಳಿದರೆ, ಆ ಜನರ ಹಾಸ್ಯದ ರೀತಿ ತಿಳಿದೀತು.

ಕ್ರಿಸ್‌ಮಸ್ಸಿಗೆಂದು ಪ್ರತ್ಯೇಕವಾಗಿ ಕಥೆ ಹೇಳುವುದು ಇಂಗ್ಲೆಂಡಿಗೆ ಹೊಸದಾಗಿರಲಿಲ್ಲ. ಚಾರ್ಲ್ಸ್ ಡಿಕನ್ಸನು 1843ರಲ್ಲಿ ಜಿಪುಣ ಸ್ಕ್ರೂಜನ ಭೂತಕಥೆಯನ್ನು ಪ್ರಕಟಿಸಿ, ಅನಂತರ ತಾನು ನಡೆಸುತ್ತಿದ್ದ ವಾರಪತ್ರಿಕೆಗಳಿಗೆ ಕ್ರಿಸ್‌ಮಸ್ ಸಂಚಿಕೆಗಳನ್ನು ಹೊರಡಿಸಿದ. ನಮ್ಮ ಪತ್ರಿಕೆಗಳ ದೀಪಾವಳಿ ವಿಶೇಷಾಂಕಕ್ಕಾಗಿ ಕಾಯುತ್ತಿದ್ದ ಮನೆಗಳನ್ನು ಬಲ್ಲವರಿಗೆ ಆ ಸಂಚಿಕೆಗಳಿಗಿದ್ದ ಆದರವನ್ನು ವಿವರಿಸಬೇಕಾಗಿಲ್ಲ. ಕೇಂಬ್ರಿಜ್ಜಿನ ವಿದ್ವಾಂಸ ಎಂ. ಆರ್. ಜೇಮ್ಸ್ ಪ್ರತಿ ಕ್ರಿಸ್‌ಮಸ್ಸಿನ ಹೊತ್ತಿಗೂ ತಾನೇ ಬರೆದ ದೆವ್ವದ ಕಥೆಯೊಂದನ್ನು ಮಿತ್ರರ ಕೂಟದಲ್ಲಿ ದೀಪದ ಬೆಳಕಿನಲ್ಲಿ ಓದುತ್ತಿದ್ದನು. 1932ರ ಕ್ರಿಸ್‌ಮಸ್ಸಿನಂದು ಐದನೆಯ ಜಾರ್ಜ್ ದೊರೆಯು ಕಿಪ್ಲಿಂಗನು ಬರೆದುಕೊಟ್ಟ ಮಾತುಗಳನ್ನು ರೇಡಿಯೋದಲ್ಲಿ ಓದಿದ ಮೇಲಂತೂ, ಹಬ್ಬದ ಮಧ್ಯಾಹ್ನ ಯಂತ್ರದ ಎದುರು ಮನೆಮಂದಿಯೆಲ್ಲ ಕೂಡುವುದು ಒಂದು ವಿಧಿಯೇ ಆಯಿತು. 1957ರಿಂದ ರಾಣಿಯ ಮುಖವೂ ಟೆಲಿವಿಷನ್ನಿನಲ್ಲಿ ಕಾಣಿಸತೊಡಗಿತು. ಹಾರ್ಟ್‌ನೆಲ್ಲನು ಎತ್ತಿದ ಪಾನಪಾತ್ರೆಯ ಹಿಂದೆ ಇಷ್ಟು ಪರಂಪರೆ ಇದ್ದಿತು.

ಇಷ್ಟಾದರೂ ಆ ಕಂತು ಉಳಿಯಲಿಲ್ಲವೇಕೆ? ಉಪೇಕ್ಷೆಯೆಂದು ಹೇಳಿ ಮುಗಿಸಬಹುದು; ಆದರೆ ವಿಷಯ ಅಷ್ಟು ಸರಳವಲ್ಲ. ಆಗಿನ ಕಾಲಕ್ಕೆ ಎರಡು ಅಂಗುಲ ಅಗಲದ ವಿಡಿಯೋ ಟೇಪು ದುಬಾರಿಯಾದ ವಸ್ತು. ಒಂದು ಕಾರ್ಯಕ್ರಮ ಪ್ರಸಾರವಾದ ಮೇಲೆ ಅದನ್ನು ಅಳಿಸಿ ಮತ್ತೊಂದನ್ನು ಮುದ್ರಿಸುವುದೇ ವಾಡಿಕೆ. ನಟರ ಸಂಘದೊಡನೆ ಮಾಡಿಕೊಂಡಿದ್ದ ಕರಾರುಗಳು ಮನಬಂದಂತೆ ಮರುಪ್ರಸಾರ ಮಾಡಲು ಆಸ್ಪದ ಕೊಡುತ್ತಿರಲಿಲ್ಲ. ಟೆಲಿವಿಷನ್ ನಾಟಕವನ್ನು ಮಾಡುವವರೂ ನೋಡುವವರೂ ಅದನ್ನು ರಂಗನಾಟಕದ ಒಂದು ರಾತ್ರಿಯ ಪ್ರಯೋಗದಂತೆಯೇ ಭಾವಿಸಿದ್ದರು. ತೆರೆ ಬಿದ್ದಮೇಲೆ ನಾಟಕವೆಲ್ಲಿ ಎಂದು ಯಾರೂ ಕೇಳುವುದಿಲ್ಲವಷ್ಟೆ. 1969ರ ಕೊನೆಗೆ ಬಿ.ಬಿ.ಸಿ.ಯ ಮೊದಲನೆಯ ವಾಹಿನಿಗೆ ಬಣ್ಣ ಬಂದ ತರುವಾಯ ಕಪ್ಪುಬಿಳುಪಿನ ಸಂಚಿಕೆಗಳಿಗೆ ಇನ್ನಾವ ಬೆಲೆಯೂ ಇಲ್ಲವೆಂಬ ಭಾವನೆ ಬಲವಾಯಿತು. ಹೀಗೆ ಅರುವತ್ತರ ದಶಕದ ನೂರಾರು ಕಂತುಗಳ ಟೇಪುಗಳು ಅಳಿದುಹೋದವು.

ಆದರೂ ಬಹಳಷ್ಟು ಕಂತುಗಳು ಇಂದು ನಮಗೆ ದೊರೆತಿರುವುದಕ್ಕೆ ಕಾರಣ ಆ ಸಂಸ್ಥೆಯ ವ್ಯಾಪಾರಬುದ್ಧಿ. ಪರದೇಶದ ವಾಹಿನಿಗಳಿಗೆ ಮಾರುವುದಕ್ಕಾಗಿ ಟೆಲಿವಿಷನ್ ಪರದೆಯ ಎದುರು ಚಲನಚಿತ್ರದ ಕ್ಯಾಮೆರಾವನ್ನಿಟ್ಟು 16 ಮಿಲಿಮೀಟರಿನ ಫಿಲ್ಮಿನ ಪ್ರತಿಗಳನ್ನು ತೆಗೆಯುತ್ತಿದ್ದರು. ಅವು ಸುರುಳಿ ಸುರುಳಿಯಾಗಿ ನಾಡುನಾಡುಗಳನ್ನು ಸುತ್ತುತ್ತಿದ್ದವು. ಟೇಪು ಅಳಿದ ಎಷ್ಟೋ ಕಂತುಗಳು ಈ ಫಿಲ್ಮುಗಳ ರೂಪದಲ್ಲಿ ಎಲ್ಲೆಲ್ಲೋ ಉಳಿದುಕೊಂಡು, ದಶಕಗಳ ಮೇಲೆ ಹಾಂಗ್‌ಕಾಂಗಿನಿಂದಲೂ ನೈಜೀರಿಯದ ಜೋಸ್ ಪಟ್ಟಣದಿಂದಲೂ ತವರಿಗೆ ಮರಳಿದವು. ಹಬ್ಬದ ಕಂತಿಗೆ ಮಾತ್ರ ಈ ಭಾಗ್ಯವಿರಲಿಲ್ಲ. ಪರದೇಶದ ವಾಹಿನಿಯವರು ಕೊಂಡ ಧಾರಾವಾಹಿಯನ್ನು ಏಪ್ರಿಲಿನಲ್ಲೋ ಆಗಸ್ಟಿನಲ್ಲೋ ತಮಗೆ ಅನುಕೂಲವಾದಾಗ ತೋರಿಸುವವರು. ನಡುಬೇಸಿಗೆಯಲ್ಲಿ ಕ್ರಿಸ್‌ಮಸ್ ಶುಭಾಶಯ ಹೇಳುವ ನಾಯಕನು ಅವರಿಗೆ ಬೇಡವಾದವನು. ಕಥೆಯ ಓಟಕ್ಕೂ ಆ ಅಧ್ಯಾಯ ಅನಿವಾರ್ಯವಲ್ಲದ್ದರಿಂದ, ಉಳಿದ ಹನ್ನೊಂದನ್ನು ಮಾರಾಟಕ್ಕಿಟ್ಟು ಅದೊಂದನ್ನು ಕೈಬಿಟ್ಟರು. ಫಿಲ್ಮಿನ ಪ್ರತಿಯನ್ನೇ ತೆಗೆಯಲಿಲ್ಲ. ಕಳೆದುಹೋದ ಬೇರೆ ಕಂತುಗಳನ್ನು ಕುರಿತು ಯಾವುದೋ ಊರಿನ ಉಗ್ರಾಣದಲ್ಲಿ ಸಿಕ್ಕೀತೆಂಬ ಆಸೆಯನ್ನಾದರೂ ಇಟ್ಟುಕೊಳ್ಳಬಹುದು. ಇದನ್ನು ಕುರಿತು ಆ ಆಸೆಗೂ ಎಡೆಯಿಲ್ಲ. ಹಬ್ಬಕ್ಕೆಂದು ಮಾಡಿದ್ದೇ ಅದರ ನಾಶಕ್ಕೆ ಕಾರಣವಾಯಿತು.

ಉಳಿದದ್ದು ಧ್ವನಿ. ಆ ದಿನಗಳಲ್ಲಿ ಕೆಲವು ಹುಡುಗರು ಮನೆಯ ಟೇಪ್‌ರೆಕಾರ್ಡರಿನ ಮೈಕನ್ನು ಟೆಲಿವಿಷನ್ನಿನ ಧ್ವನಿವರ್ಧಕದ ಬಳಿ ಹಿಡಿದು, ಮನೆಯವರನ್ನು ಸುಮ್ಮನಿರಿಸಿ, ಪ್ರತಿ ಶನಿವಾರವೂ ಕಥೆಯನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಚರಿತ್ರೆಗೆ ದಾಖಲೆಯಾಗಲೆಂದು ಮಾಡಿದ ಕೆಲಸವಲ್ಲ ಅದು. ವಾರದ ನಡುವೆ ಮತ್ತೊಮ್ಮೆ ಕೇಳುವ ಆಸೆ, ಅಷ್ಟೆ. ಆದರೆ ಮರುನೋಟದ ರೂಢಿಗೆ ಮೂಲಪುರುಷರನ್ನು ಹುಡುಕುವುದಾದರೆ ಅವರೇ ಎಂದು ನಾನು ಹೇಳುತ್ತೇನೆ. ಸಂಸ್ಥೆಯ ಉಗ್ರಾಣದಲ್ಲಿ ಇಲ್ಲದ್ದು ಅವರ ಕೊಠಡಿಗಳಲ್ಲಿ ಇದ್ದಿತು; ಅಳಿದ ಕಂತುಗಳೆಲ್ಲದರ ಶಬ್ದಭಾಗ ಇಂದು ಲಭ್ಯವಿರುವುದು ಅವರ ದೆಸೆಯಿಂದ. 1978ರಲ್ಲಿ ಬಿ.ಬಿ.ಸಿ. ತನ್ನ ಸಂಗ್ರಹಕ್ಕೆ ಕ್ರಮಬದ್ಧವಾದ ರಕ್ಷಣೆಯನ್ನು ಏರ್ಪಡಿಸಿ ಅಳಿಸುವುದನ್ನು ನಿಲ್ಲಿಸುವ ಹೊತ್ತಿಗೆ, ಆ ಹುಡುಗರು ಮೀಸೆ ಬಂದ ಗೃಹಸ್ಥರಾಗಿದ್ದರು.

ಸಂಸ್ಥೆಯೇ ಮುಂದೆ ನಿಂತು ಹಬ್ಬದ ವಾರದಲ್ಲಿ ಹಳೆಯದನ್ನು ಮತ್ತೆ ತೋರಿಸಿದ್ದು ಎಪ್ಪತ್ತರ ದಶಕದಲ್ಲಿ. ‘ದಿ ಡೀಮನ್ಸ್’ ಎಂಬ ಐದು ಕಂತುಗಳ ಕಥೆ 1971ರ ಮೇ–ಜೂನ್ ತಿಂಗಳುಗಳಲ್ಲಿ ಪ್ರಸಾರವಾಗಿತ್ತು. ವಿಲ್ಟ್‌ಷೈರಿನ ಆಲ್ಡ್‌ಬೋರ್ನ್ ಎಂಬ ಹಳ್ಳಿಯಲ್ಲಿ ಚಿತ್ರಿಸಿದ ಆ ಕಥೆಯಲ್ಲಿ ಊರ ಹೊರಗಿನ ಪುರಾತನ ದಿಬ್ಬವನ್ನು ಅಗೆದಾಗ ಸೈತಾನನಂತಹ ಸತ್ತ್ವವೊಂದು ಎಚ್ಚರಗೊಳ್ಳುತ್ತದೆ. ಕೊನೆಯಲ್ಲಿ ಚರ್ಚು ಸಿಡಿದುಹೋಗುತ್ತದೆ. ಸಿಡಿದದ್ದು ಚಿಕ್ಕದೊಂದು ಮಾದರಿಯಾಗಿದ್ದರೂ, ನಿಜವಾದ ದೇವಮಂದಿರವನ್ನೇ ಕೆಡವಿದರೆಂದು ನಂಬಿ ದೂರು ಬರೆದವರಿದ್ದರು. ಐದು ಕಂತುಗಳನ್ನೂ ಕತ್ತರಿಸಿ ಹೊಲಿದು ಒಂದೇ ಚಲನಚಿತ್ರದ ಹಾಗೆ ಮಾಡಿ, ಅದೇ ವರ್ಷ ಡಿಸೆಂಬರ್ 28ರಂದು ತೋರಿಸಿದರು. ನೋಡಿದವರು ಒಂದು ಕೋಟಿಗೂ ಮಿಕ್ಕಿ. ಅದಕ್ಕೆ ನಾಲ್ಕು ದಿನ ಮುಂಚೆ, ಡಿಸೆಂಬರ್ 24ರ ರಾತ್ರಿ, ಅದೇ ಸಂಸ್ಥೆ ಎಂ. ಆರ್. ಜೇಮ್ಸನ ಕಥೆಯೊಂದನ್ನು ಚಿತ್ರಿಸಿ ತೋರಿಸಿ, ಕ್ರಿಸ್‌ಮಸ್ಸಿಗೊಂದು ಭೂತಕಥೆಯೆಂಬ ಹೊಸ ಮಾಲೆಯನ್ನು ಆರಂಭಿಸಿತ್ತು. ದೆವ್ವದ ಕಥೆ, ಹಳ್ಳಿಯ ಚರ್ಚು, ಚಳಿಗಾಲದ ರಾತ್ರಿ: ಒಂದೇ ವಾರದಲ್ಲಿ ಹಳೆಯ ಸಂಪ್ರದಾಯವೂ ಅದರ ವೈಜ್ಞಾನಿಕ ವೇಷವೂ ಒಂದರ ಬೆನ್ನಿಗೊಂದು ಬಂದವು. 1972, 73, 74, 75ರ ಡಿಸೆಂಬರ್ ತಿಂಗಳ ಕೊನೆಯ ವಾರಗಳಲ್ಲಿಯೂ ಆಯಾ ವರ್ಷದ ಒಂದೊಂದು ಕಥೆಯನ್ನು ಹೀಗೆಯೇ ಕೂಡಿಸಿ ತೋರಿಸಿದರು. ಹೊಸ ಕಂತು ಕ್ರಿಸ್‌ಮಸ್ಸಿನಂದು ಬರುವುದು ನಿಂತಿದ್ದ ಕಾಲದಲ್ಲಿ, ಮರುನೋಟವೇ ಹಬ್ಬದ ವಿಶೇಷವಾಗಿದ್ದಿತು.

ಮಿಕ್ಕ ದಿನಗಳಲ್ಲಿ ನೆನಪಿಗೆ ಆಸರೆಯಾಗಿ ಒದಗಿದವು ಪುಸ್ತಕಗಳು. 1973ರಿಂದ ಟಾರ್ಗೆಟ್ ಪ್ರಕಾಶನದವರು ಕಥೆಗಳನ್ನು ಒಂದೊಂದಾಗಿ ಚಿಕ್ಕ ಕಾದಂಬರಿಗಳಾಗಿ ಹೊರಡಿಸಿದರು. ಟೆರೆನ್ಸ್ ಡಿಕ್ಸ್ ಒಬ್ಬನೇ ಅರುವತ್ತಕ್ಕೂ ಹೆಚ್ಚು ಬರೆದನು. ನೋಡಲಾಗದ್ದನ್ನು ಓದಿ ಕಾಣುವ ಅಭ್ಯಾಸದಿಂದ ಒಂದು ತಲೆಮಾರಿನ ಮಕ್ಕಳಿಗೆ ಓದು ಹಿಡಿಯಿತೆಂದು ಹೇಳುವವರುಂಟು, ಇದ್ದೀತು. 1983ರಲ್ಲಿ ಮೊದಲ ವಿಡಿಯೋ ಕ್ಯಾಸೆಟ್ಟು ಸುಮಾರು 40 ಪೌಂಡುಗಳ ಬೆಲೆಗೆ ಅಂಗಡಿಗೆ ಬಂದಾಗ, ಅದು ಸಾಮಾನ್ಯರ ಕೈಗೆ ನಿಲುಕುವಂತಿರಲಿಲ್ಲ.

1989ರಲ್ಲಿ ಧಾರಾವಾಹಿ ನಿಂತಿತು. 2005ರಲ್ಲಿ ರಸೆಲ್ ಟಿ. ಡೇವಿಸ್ ಎಂಬ ಲೇಖಕನು ವೇಲ್ಸಿನ ಕಾರ್ಡಿಫ್ ನಗರದಿಂದ ಅದನ್ನು ಪುನಃ ಎಬ್ಬಿಸಿದನು. ಆ ವರ್ಷದ ಡಿಸೆಂಬರ್ 25ರಂದು, ಹಾರ್ಟ್‌ನೆಲ್ಲನ ಶುಭಾಶಯವಾದ ಸರಿಯಾಗಿ ನಲವತ್ತು ವರ್ಷಗಳ ಮೇಲೆ, ‘ದಿ ಕ್ರಿಸ್‌ಮಸ್ ಇನ್ವೇಷನ್’ ಎಂಬ ಒಂದು ಗಂಟೆಯ ಕಂತು ಬಂದಿತು. ಆಗಿನ ಪ್ರೇಕ್ಷಕರು ಒಂದು ಕೋಟಿಗೆ ತುಸು ಕಡಿಮೆ. ನಾನು ಪುನಃ ಪುನಃ ನೋಡುವುದು ಇದನ್ನೇ.

ಮೊದಲ ನೋಟಕ್ಕೆ ಇದರಲ್ಲಿ ಎದ್ದುಕಾಣುವುದು ಗದ್ದಲ: ತುತ್ತೂರಿಗಳನ್ನೇ ಬಂದೂಕಾಗಿಸಿಕೊಂಡ ಸಾಂತಾಕ್ಲಾಸ್ ವೇಷದ ಯಂತ್ರಮಾನವರು, ಗಿರಗಿರನೆ ತಿರುಗುತ್ತ ಮನೆಯ ಸಾಮಾನುಗಳನ್ನು ಕೊಚ್ಚುವ ಕ್ರಿಸ್‌ಮಸ್ ಮರ, ಲಂಡನ್ನಿನ ಆಕಾಶವನ್ನು ಮುಚ್ಚಿ ಬರುವ ಸೈಕೋರಾಕ್ಸ್ ಜನರ ಹಡಗು. ಎರಡನೆಯ ಸಲ ನೋಡುವಾಗ, ಹೊಸದಾಗಿ ಪಾತ್ರಕ್ಕೆ ಬಂದ ಡೇವಿಡ್ ಟೆನೆಂಟ್ ಎಂಬ ನಟನು ಕಂತಿನ ಬಹುಭಾಗ ಎರವಲು ಪೈಜಾಮದಲ್ಲಿ ನಿದ್ರಿಸುತ್ತಲೇ ಇರುವನೆಂಬುದು ಗಮನಕ್ಕೆ ಬಂದು, ಡೇವಿಸನ ಧೈರ್ಯವನ್ನು ಮೆಚ್ಚಬೇಕೆನಿಸುತ್ತದೆ. ನಾಯಕನನ್ನು ಜನರಿಗೆ ಪರಿಚಯಿಸಬೇಕಾದ ದಿನವೇ ಅವನನ್ನು ಮಲಗಿಸಿಬಿಟ್ಟಿದ್ದಾನೆ! ಅವನಿಗೆ ಉಡುಪು ಕೊಟ್ಟದ್ದು ರೋಸ್ ಎಂಬ ಜೊತೆಗಾತಿಯ ತಾಯಿ ಜಾಕಿ. ಅದರ ಒಡೆಯನಾದ ಅವಳ ಗೆಳೆಯನಿಗೆ ರಾತ್ರಿ ಹಸಿವಾಗುವ ಚಾಳಿಯಿರುವುದರಿಂದ ನಿಲುವಂಗಿಯ ಜೇಬಿನಲ್ಲಿ ಹಣ್ಣು ಇಟ್ಟುಕೊಳ್ಳುವನೆಂಬ ಮಾತು ಅಲ್ಲೆಲ್ಲೋ ನಗೆಗಾಗಿ ಬಂದುಹೋಗುತ್ತದೆ. ಕಡೆಯಲ್ಲಿ ಕತ್ತಿಕಾಳಗದಲ್ಲಿ ಸೋತು ಪ್ರಾಣಭಿಕ್ಷೆ ಪಡೆದ ಶತ್ರುನಾಯಕನು ಹಿಂದಿನಿಂದ ಮೇಲೆ ಬೀಳಲು ಬಂದಾಗ, ಡಾಕ್ಟರನು ತಿರುಗಿಯೂ ನೋಡದೆ ಆ ಜೇಬಿನ ಕಿತ್ತಳೆಯನ್ನು ಎಸೆದು ಹಡಗಿನ ಅಂಚಿನ ಗುಂಡಿಯೊಂದಕ್ಕೆ ತಾಗಿಸುತ್ತಾನೆ. ಶತ್ರುವಿನ ಕಾಲಡಿಯ ನೆಲ ಸರಿದು ಅವನು ಕೆಳಕ್ಕೆ ಬೀಳುತ್ತಾನೆ. ಕಿತ್ತಳೆ ಆ ನಾಡಿನ ಮಕ್ಕಳಿಗೆ ಕ್ರಿಸ್‌ಮಸ್ ಕಾಲುಚೀಲದ ತುದಿಯಲ್ಲಿ ಸಿಗುವ ಹಣ್ಣು. ಡಾಕ್ಟರನನ್ನು ನಿದ್ರೆಯಿಂದ ಎಬ್ಬಿಸಿದ್ದಾದರೂ ಯಾವ ಸಂಜೀವಿನಿಯೂ ಅಲ್ಲ, ಫ್ಲಾಸ್ಕಿನಿಂದ ಯಂತ್ರದ ಮೇಲೆ ಸೋರಿದ ಚಹದ ಹಬೆ.

ಹಳೆಯ ಪರಂಪರೆಯ ಮೇಲಿನ ಕೀಟಲೆಯೂ ಅಲ್ಲಿದೆ. ಶತ್ರುಗಳು ಒಂದು ಜಾತಿಯ ರಕ್ತವುಳ್ಳವರನ್ನು, ಎಂದರೆ ಮನುಷ್ಯಕುಲದಲ್ಲಿ ಮೂರರಲ್ಲೊಂದು ಪಾಲಿನವರನ್ನು, ವಶಮಾಡಿಕೊಂಡು ಮಾಳಿಗೆಗಳ ಅಂಚಿಗೆ ನಡೆಸಿ ನಿಲ್ಲಿಸುತ್ತಾರೆ. ರಾಜಮನೆತನದವರೂ ಅರಮನೆಯ ಮಾಳಿಗೆಯನ್ನು ಏರಿರುವುದರಿಂದ ಅಂದಿನ ರಾಜಸಂದೇಶ ರದ್ದಾಗಿ, ಹ್ಯಾರಿಯೆಟ್ ಜೋನ್ಸ್ ಎಂಬ ಪ್ರಧಾನಮಂತ್ರಿಣಿ ಅದರ ಸ್ಥಾನದಲ್ಲಿ ನಾಡಿಗೆ ಮಾತನಾಡಬೇಕಾಗುತ್ತದೆ. ಅದೇ ದಿನ ಮಧ್ಯಾಹ್ನ ನಿಜವಾದ ರಾಣಿಯ ಮಾತನ್ನು ಕೇಳಿದ್ದ ಕುಟುಂಬಗಳು ಸಂಜೆ ಇದನ್ನು ನೋಡಿ ನಕ್ಕಿರಬೇಕು. ಈ ಜೋನ್ಸಳೇ ಶರಣಾಗಿ ಹಿಂದಿರುಗುತ್ತಿದ್ದ ಹಡಗನ್ನು ಸುಡಿಸಿ, ಡಾಕ್ಟರನ ಕೋಪಕ್ಕೆ ಗುರಿಯಾಗುವವಳು. ಆಗ ಬೀಳತೊಡಗುವ ಬಿಳಿಯ ಹಿಮ ಹಿಮವಲ್ಲ, ಸುಟ್ಟ ಹಡಗಿನ ಬೂದಿ. ಕಾಗದದ ಕಿರೀಟ ತೊಟ್ಟು ಹಬ್ಬದೂಟ ಮಾಡಿ ಅಂಗಳಕ್ಕಿಳಿದವರು ಆ ಬೂದಿಯಲ್ಲಿ ನಗುತ್ತ ನಿಂತಿರುವುದನ್ನು ಮೊದಲ ಬಾರಿ ನೋಡಿದಾಗ ಮಂಗಳವೆಂದೇ ತೋರೀತು. ಮತ್ತೆ ನೋಡುವಾಗ ಹಾಗೆ ತೋರುವುದಿಲ್ಲ. ಒಮ್ಮೆ ಮಾತ್ರ ತೋರಿಸಲೆಂದು ಬರೆಯುತ್ತಿದ್ದ ಕಾಲದ ಲೇಖಕನು ಇಂತಹ ಕಹಿಯನ್ನು ಇಷ್ಟು ಮರೆಯಾಗಿ ಇಡುತ್ತಿರಲಿಲ್ಲವೆಂದು ನನ್ನ ನಂಬಿಕೆ. ಪ್ರೇಕ್ಷಕನು ಹಿಂದಿರುಗಿ ಬರುವನೆಂದು ಬಲ್ಲವನು ಮಾತ್ರ ಹೀಗೆ ಬರೆದಾನು.

ಮುಂದಿನದನ್ನು ಬೇಗನೆ ಹೇಳಬಹುದು. 2005ರಿಂದ 2017ರವರೆಗೆ ಹದಿಮೂರು ವರ್ಷ ಎಡೆಬಿಡದೆ ಕ್ರಿಸ್‌ಮಸ್ ದಿನ ವಿಶೇಷ ಕಂತು ಬಂದಿತು. 2007ರದು, ಕೈಲಿ ಮಿನೋಗ್ ಎಂಬ ಗಾಯಕಿ ನಟಿಸಿದ ‘ವಾಯೇಜ್ ಆಫ್ ದಿ ಡ್ಯಾಮ್ಡ್’, ಒಂದು ಕೋಟಿ ಮೂವತ್ತು ಲಕ್ಷಕ್ಕೂ ಮಿಕ್ಕ ಜನರನ್ನು ಸೆಳೆಯಿತು. ಕಥೆಯಾಗಿ ನನಗೇನೋ ಅದು ಜಾಳು. ಆದರೆ ತಪ್ಪಿಹೋದ ಕಾರ್ಯಕ್ರಮವನ್ನು ಗಣಕಯಂತ್ರದಲ್ಲಿ ನೋಡಲು ಅನುವುಮಾಡುವ ಐಪ್ಲೇಯರ್ ಎಂಬ ವ್ಯವಸ್ಥೆಯನ್ನು ಬಿ.ಬಿ.ಸಿ. ವಿಧ್ಯುಕ್ತವಾಗಿ ಆರಂಭಿಸಿದ್ದೂ ಅದೇ ಕ್ರಿಸ್‌ಮಸ್ ದಿನ. 2010ರಲ್ಲಿ ಸ್ಟೀವನ್ ಮೊಫಟ್ ಡಿಕನ್ಸನ ಜಿಪುಣನನ್ನು ಬೇರೊಂದು ಗ್ರಹಕ್ಕೆ ಒಯ್ದು, ಮೈಕಲ್ ಗ್ಯಾಂಬನ್ನನಿಂದ ಆ ಪಾತ್ರವನ್ನು ಮಾಡಿಸಿದನು. ಅದರಲ್ಲಿ ಮುದುಕನು ತನ್ನ ಬಾಲ್ಯದ ಹಳೆಯ ಚಿತ್ರಮುದ್ರಿಕೆಯೊಂದನ್ನು ನೋಡುತ್ತಿರುವಾಗ, ಈಗತಾನೆ ಕೋಣೆಯಿಂದ ಹೊರಹೋದ ಡಾಕ್ಟರನು ಆ ಚಿತ್ರದೊಳಗೇ ಕಾಣಿಸಿಕೊಂಡು ಕಳೆದುಹೋದ ಕಾಲವನ್ನು ಬದಲಿಸತೊಡಗುತ್ತಾನೆ. ಮುದುಕನ ನೆನಪುಗಳೂ ನೋಡನೋಡುತ್ತ ಬದಲಾಗುತ್ತವೆ. ಮರುನೋಟವನ್ನೇ ಕಥೆಯ ಯಂತ್ರವಾಗಿಸಿಕೊಂಡ ಕಂತು ಅದು. 2017ರಲ್ಲಿ, 1914ರ ಕ್ರಿಸ್‌ಮಸ್ ಕದನವಿರಾಮವನ್ನು ಹೊಂದಿಸಿಕೊಂಡು, ಅದೇ ಲೇಖಕನು ಹಾರ್ಟ್‌ನೆಲ್ಲನ ಮೊದಲ ಡಾಕ್ಟರನನ್ನು ಡೇವಿಡ್ ಬ್ರ್ಯಾಡ್ಲಿ ಎಂಬ ನಟನ ಮೂಲಕ ಕರೆತಂದನು. ಆ ಕಂತಿನ ಮೊದಲಲ್ಲಿ 1966ರ ಕಪ್ಪುಬಿಳುಪಿನ ತುಣುಕುಗಳು ಬಂದು, ಹಾರ್ಟ್‌ನೆಲ್ಲನ ಮುಖವೇ ಬ್ರ್ಯಾಡ್ಲಿಯ ಮುಖವಾಗಿ ಮಾರ್ಪಡುತ್ತದೆ.

ಅಲ್ಲಿಂದ ಮುಂದೆ ಕೆಲಕಾಲ ವಿಶೇಷ ಕಂತನ್ನು ಹೊಸವರ್ಷದ ದಿನಕ್ಕೆ ಸರಿಸಿದರು. ಅಭಿಮಾನಿಗಳು ಗೊಣಗಿದರು, ಕಂತುಗಳು ಕೆಟ್ಟುವೆಂದಲ್ಲ, ತಿಥಿ ತಪ್ಪಿತೆಂದು. 2023ರಲ್ಲಿ ಡೇವಿಸ್ ಮರಳಿ ಬಂದಾಗ ಅದೂ ಡಿಸೆಂಬರ್ 25ಕ್ಕೆ ಮರಳಿತು. ಅದೇ ವರ್ಷದ ನವೆಂಬರಿನಲ್ಲಿ ಎಂಟುನೂರಕ್ಕೂ ಹೆಚ್ಚು ಹಳೆಯ ಕಂತುಗಳನ್ನು ಐಪ್ಲೇಯರಿನಲ್ಲಿ ಒಟ್ಟಿಗೆ ತೆರೆದಿಟ್ಟದ್ದರಿಂದ, ಅಲ್ಲಿಯ ಪ್ರೇಕ್ಷಕನು ಈಗ ಉಳಿದಿರುವ ಯಾವ ಹಬ್ಬದ ಕಂತನ್ನಾದರೂ ಯಾವ ದಿನವಾದರೂ ನೋಡಬಹುದು. ‘ದಿ ಕ್ರಿಸ್‌ಮಸ್ ಇನ್ವೇಷನ್’ ಕಂತಿನ ಚಿತ್ರೀಕರಣ ಆರಂಭವಾದದ್ದು ಜುಲೈ ತಿಂಗಳ ಸೆಕೆಯಲ್ಲಿ; ಜುಲೈನಲ್ಲೇ ಅದನ್ನು ನೋಡುವುದಕ್ಕೆ ಈಗ ಅಡ್ಡಿಯೇನೂ ಇಲ್ಲ. ಆದರೂ ಡಿಸೆಂಬರ್ ಬರುವ ತನಕ ಅದನ್ನು ಮುಟ್ಟುವುದಿಲ್ಲವೆಂಬ ನೇಮವನ್ನು ಯಾರೂ ವಿಧಿಸದೆಯೇ ತಮಗೆ ತಾವೇ ಹಾಕಿಕೊಂಡವರು ಆ ನಾಡಿನಲ್ಲಿಯೂ ಹೊರಗೂ ಬಹಳ ಮಂದಿ ಇದ್ದಾರೆ.